ಬೊಗಸೆ ನೀರು ಬೇಡ, ಬಾವಿಯ ಹಗ್ಗ ಕೊಡಿ

ನಾವು ಕಂಪ್ಯೂಟರನ್ನು ಮೊದಲು ನೋಡಿದ್ದು ಬಾಗಿಲಲ್ಲಿ ನಿಂತುಕೊಂಡು.

ಸರ್ಕಾರಿ ಹೈಸ್ಕೂಲು. ಆ ರೂಮಿಗೆ ಬೇರೆ ಬೀಗ, ಬೇರೆ ಪರದೆ. ಬಾಗಿಲಿಗೆ ಒಂದು ಬೋರ್ಡು: 'ಪಾದರಕ್ಷೆಗಳನ್ನು ಹೊರಗೆ ಬಿಡಿ.' ಒಳಗೆ ಬಟ್ಟೆ ಹೊದ್ದು ಕೂತ ನಾಲ್ಕು ಯಂತ್ರ. ಗೋಡೆಗೆ ಇನ್ನೊಂದು ಬೋರ್ಡು: 'ಮುಟ್ಟಬೇಡಿ.' ನಮ್ಮ ಅಪ್ಪಂದಿರು ಊರಿಗೆಲ್ಲ ಮೆಟ್ಟು ಹೊಲಿದು ಕೊಟ್ಟು, ತಾವು ಮಾತ್ರ ಊರೊಳಗೆ ಮೆಟ್ಟು ಕೈಯಲ್ಲಿ ಹಿಡಿದು ನಡೆದವರು. ಅವರ ಮಕ್ಕಳಾದ ನಮಗೆ ಆ ಎರಡು ಬೋರ್ಡುಗಳನ್ನು ಯಾರೂ ಓದಿ ಹೇಳಬೇಕಿರಲಿಲ್ಲ. 'ಧೂಳು ಬಿದ್ದರೆ ಕೆಟ್ಟೋಗುತ್ತೆ ಕಣ್ರೋ' ಅಂದರು ಮೇಷ್ಟ್ರು. ಪಾಪ, ಅವರದೇನೂ ತಪ್ಪಿಲ್ಲ. ಅವರಿಗೂ ಬೀಗದ ಕೈ ಸಿಗುತ್ತಿದ್ದುದು ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ.

ಇಷ್ಟು ಯಾಕೆ ನೆನಪಾಯಿತೆಂದರೆ, ಈಗ ದೊಡ್ಡವರೆಲ್ಲ ಸೇರಿ ಒಂದು ಹೊಸ ಮಾತು ಆಡುತ್ತಿದ್ದಾರೆ. ಕೃತಕ ಬುದ್ಧಿಮತ್ತೆಗೆ ಬೇಕಾದ ಯಂತ್ರಬಲವನ್ನು ದೇಶದೇಶಗಳು ಹಂಚಿಕೊಳ್ಳಬೇಕಂತೆ. ಅದಕ್ಕೆ ಅಂತರರಾಷ್ಟ್ರೀಯ ಸಹಕಾರ ಬೇಕಂತೆ. ಬಡ ದೇಶ ಹಿಂದೆ ಬೀಳಬಾರದಂತೆ. ಕೇಳಿದರೆ ಹೊಟ್ಟೆ ತುಂಬುತ್ತದೆ. ಆದರೆ ನಾವು ನೀರು ಕೇಳಿ ಬೊಗಸೆ ಒಡ್ಡಿದವರ ಮೊಮ್ಮಕ್ಕಳು. ಕೊಡುವವನು ಎಷ್ಟು ಎತ್ತರದಿಂದ ಹುಯ್ಯುತ್ತಾನೆ ಅನ್ನುವುದನ್ನು ನೋಡದೆ ಕುಡಿಯುವುದು ನಮಗೆ ಗೊತ್ತಿಲ್ಲ.

ಮೊದಲು ಇದು ಏನು ಅಂತ ತಿಳಿಯೋಣ. ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕಾಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇವೆ. ಅವರು 'ಕಂಪ್ಯೂಟ್' ಅನ್ನುತ್ತಾರೆ, ನಾವು ಗಣಕಶಕ್ತಿ ಅನ್ನೋಣ. ಮಾತಾಡುವ, ಬರೆಯುವ, ಚಿತ್ರ ಬಿಡಿಸುವ ಈ ಯಂತ್ರಗಳನ್ನು ತಿದ್ದಿ ತಯಾರು ಮಾಡುವುದಕ್ಕೆ ಲೆಕ್ಕವಿಲ್ಲದಷ್ಟು ಲೆಕ್ಕ ಮಾಡಬೇಕು. ಒಂದು ಗದ್ದೆಯಲ್ಲಿ ನೂರು ಹೆಣ್ಣಾಳು ಒಂದೇ ಸಾಲು ಹಿಡಿದು ನಾಟಿ ಹಾಕುವ ಹಾಗೆ, ಸಾವಿರಾರು ಸಣ್ಣ ಲೆಕ್ಕಗಳನ್ನು ಒಂದೇ ಹೊತ್ತಿಗೆ ಮಾಡುವ ಚಿಪ್ಪುಗಳಿವೆ. ಜಿಪಿಯು ಅಂತಾರೆ. ಅಂಥವನ್ನು ಸಾವಿರಗಟ್ಟಲೆ ಒಂದು ಕಟ್ಟಡದಲ್ಲಿ ಜೋಡಿಸಿ, ಹಗಲೂ ರಾತ್ರಿ ಕರೆಂಟು ಕೊಟ್ಟು, ಕಾದು ಕೆಂಡವಾಗದ ಹಾಗೆ ಗಾಳಿಯಿಂದಲೋ ನೀರಿನಿಂದಲೋ ತಣಿಸಬೇಕು. ಈ ಚಿಪ್ಪಿನ ನಕ್ಷೆ ಬಹುಮಟ್ಟಿಗೆ ಕ್ಯಾಲಿಫೋರ್ನಿಯಾದ ಎನ್ವಿಡಿಯಾ ಕಂಪನಿಯದು. ಮಾಡಿಕೊಡುವುದು ತೈವಾನಿನ ಟಿಎಸ್‌ಎಂಸಿ. ಅತಿ ಸಣ್ಣ ಗೆರೆ ಕೊರೆಯುವ ಯಂತ್ರವನ್ನು ಮಾಡುವುದು ನೆದರ್‌ಲೆಂಡಿನ ಎಎಸ್‌ಎಂಎಲ್ ಒಂದೇ. ಬುದ್ಧಿ ಆಕಾಶದಿಂದ ಇಳಿಯುವುದಿಲ್ಲ ಗೆಳೆಯರೇ. ಅದಕ್ಕೂ ನೆಲ ಬೇಕು, ನೀರು ಬೇಕು, ಕರೆಂಟು ಬೇಕು. ನೆಲ, ನೀರು ಅಂದ ಮೇಲೆ ಅದು ನಮ್ಮ ವಿಷಯ.

ಈ ಬಲ ಯಾರ ಕೈಯಲ್ಲಿದೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಎಣಿಸಿ ಹೇಳಿದರು: ಕೃತಕ ಬುದ್ಧಿಮತ್ತೆಗೆಂದೇ ಕಟ್ಟಿದ ದತ್ತಾಂಶ ಕೇಂದ್ರಗಳು ಇರುವುದು ಜಗತ್ತಿನ 32 ದೇಶಗಳಲ್ಲಿ ಮಾತ್ರ. ವಿಶ್ವಸಂಸ್ಥೆ ನೇಮಿಸಿದ ಸಲಹಾ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಇನ್ನೂ ಕಟುವಾಗಿದೆ. ದೊಡ್ಡ ಮಾದರಿಗಳನ್ನು ತಯಾರಿಸಬಲ್ಲ ಜಗತ್ತಿನ ಮೊದಲ ನೂರು ಗಣಕ ಸಮೂಹಗಳಲ್ಲಿ ಒಂದೂ ಅಭಿವೃದ್ಧಿಶೀಲ ದೇಶದಲ್ಲಿಲ್ಲ. ವಿಶ್ವಸಂಸ್ಥೆಯ ಹೊರಗೆ ಈ ವಿಷಯಕ್ಕೆ ನಡೆದ ಏಳು ಒಪ್ಪಂದ-ಕೂಟಗಳನ್ನು ಅದೇ ಮಂಡಳಿ ನೋಡಿತು. ಏಳರಲ್ಲೂ ಕೂತ ದೇಶಗಳು 7. ಒಂದರಲ್ಲೂ ಕುರ್ಚಿ ಇಲ್ಲದ ದೇಶಗಳು 118.

ಪಂಕ್ತಿಯಲ್ಲಿ ಏಳು ಜನ, ಎಲೆ ಎತ್ತಲು ನೂರ ಹದಿನೆಂಟು ಜನ! ನಮಗೆ ಈ ಊಟ ಹೊಸದಲ್ಲ.

*

ಇನ್ನೂ ಒಂದು ಚೆಂದ ನೋಡಿ. 2025ರ ಜನವರಿಯಲ್ಲಿ, ಅಧಿಕಾರ ಬಿಟ್ಟು ಇಳಿಯುವ ವಾರ, ಅಮೆರಿಕದ ಬೈಡನ್ ಸರ್ಕಾರ ಒಂದು ನಿಯಮ ಹೊರಡಿಸಿತು. ಇಡೀ ಜಗತ್ತನ್ನು ಮೂರು ದರ್ಜೆ ಮಾಡಿತು. ಮೊದಲ ದರ್ಜೆಯಲ್ಲಿ 18 ಮಿತ್ರ ದೇಶ. ಅವಕ್ಕೆ ಚಿಪ್ಪಿಗೆ ಹೆಚ್ಚಿನ ತಡೆಯಿಲ್ಲ. ಕೊನೆಯ ದರ್ಜೆಯಲ್ಲಿ ಚೀನಾ, ರಷ್ಯಾದಂಥವು. ಅವಕ್ಕೆ ಬಾಗಿಲು ಬಂದ್. ನಡುವೆ ಉಳಿದ ನೂರಕ್ಕೂ ಹೆಚ್ಚು ದೇಶ, ಅವಕ್ಕೆ ಅಳತೆ. ಒಂದೊಂದು ದೇಶಕ್ಕೆ ಮೂರು ವರ್ಷಕ್ಕೆ ಸುಮಾರು 50,000 ಚಿಪ್ಪು. ಅಮೆರಿಕದ ಜೊತೆ ಕೈಕುಲುಕಿ ಕರಾರು ಮಾಡಿಕೊಂಡರೆ ಸ್ವಲ್ಪ ಜಾಸ್ತಿ. ಭಾರತ ಬಿದ್ದದ್ದು ಈ ನಡುವಿನ ದರ್ಜೆಗೆ. ಅದೇ ಹೊತ್ತಿಗೆ ಅಮೆರಿಕದ ಮೆಂಫಿಸ್ ಊರಿನಲ್ಲಿ ಎಲಾನ್ ಮಸ್ಕನ ಒಂದೇ ಕಂಪನಿ, ಒಂದೇ ಜಾಗದಲ್ಲಿ, ಒಂದು ಲಕ್ಷ ಚಿಪ್ಪು ಜೋಡಿಸಿಯಾಗಿತ್ತು. ಒಬ್ಬ ಧಣಿಗೆ ಲಕ್ಷ, ಒಂದು ದೇಶಕ್ಕೆ ಐವತ್ತು ಸಾವಿರ.

ಆಗ ದೆಹಲಿಯಲ್ಲೂ ಬೆಂಗಳೂರಲ್ಲೂ ಎಂಥ ಸಂಕಟ! 'ನಮ್ಮನ್ನು ಎರಡನೇ ದರ್ಜೆಗೆ ತಳ್ಳಿದರು', 'ಇದು ಅವಮಾನ', 'ಪ್ರತಿಭೆಗೆ ಬೆಲೆ ಇಲ್ಲವೇ?' ಎಂದು ಟೈ ಕಟ್ಟಿದವರೆಲ್ಲ ಹೊಟ್ಟೆ ಉರಿದುಕೊಂಡರು. ಸ್ವಾಮಿ, ಹುಟ್ಟಿದ ಜಾಗದ ಮೇಲೆ ಅಳತೆ ಹಾಕುವುದು, ಒಬ್ಬನನ್ನು ಇನ್ನೊಬ್ಬನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುವುದು, ಮೇಲಿನವನನ್ನು ಬೈಯುವ ಬದಲು ತಾನೂ ಒಂದು ಮೆಟ್ಟಿಲು ಹತ್ತಲು ಹಲ್ಲು ಗಿಂಜುವುದು, ಇದಕ್ಕೆ ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಹೆಸರಿಟ್ಟು ಎಷ್ಟು ಕಾಲವಾಯಿತು? ಒಂದು ಬಾರಿ, ಬರೀ ಚಿಪ್ಪಿನ ವಿಷಯಕ್ಕೆ, ಅದೂ ನಾಲ್ಕು ತಿಂಗಳು, ನಿಮ್ಮನ್ನು ಯಾರೋ ನಡುವಿನ ಮೆಟ್ಟಿಲಲ್ಲಿ ಕೂರಿಸಿದ್ದಕ್ಕೆ ಇಷ್ಟು ಉರಿ. ನಾವು ಕೊನೇ ಮೆಟ್ಟಿಲಿನ ಕೆಳಗಿನ ಮಣ್ಣಿನಲ್ಲಿ ಎರಡು ಸಾವಿರ ವರ್ಷ ಕೂತಿದ್ದೇವೆ.

ನಾಲ್ಕು ತಿಂಗಳು ಅಂದದ್ದು ಯಾಕೆಂದರೆ, 2025ರ ಮೇ ತಿಂಗಳಲ್ಲಿ, ಜಾರಿಗೆ ಬರಬೇಕಾದ ದಿನದ ಹಿಂದೆಮುಂದೆ, ಟ್ರಂಪ್ ಸರ್ಕಾರ ಆ ನಿಯಮವನ್ನು ರದ್ದು ಮಾಡಿತು. ಸಮಾನತೆ ಬಂತೆಂದು ತಿಳಿಯಬೇಡಿ. ಅದೇ ತಿಂಗಳು ಅದೇ ಅಧ್ಯಕ್ಷರು ಕೊಲ್ಲಿ ದೇಶಗಳಿಗೆ ಹೋಗಿ, ಅಬುಧಾಬಿಯಲ್ಲಿ 5 ಗಿಗಾವಾಟ್ ಕರೆಂಟು ನುಂಗುವ ಗಣಕ ಕೇಂದ್ರಕ್ಕೆ ಕೈ ಹಾಕಿ ಬಂದರು. ಜಾತಿ ನೋಡಿ ಬಿಡುತ್ತಿದ್ದ ಬಾಗಿಲಲ್ಲಿ ಈಗ ಟಿಕೆಟ್ಟು ನೋಡಿ ಬಿಡುತ್ತಾರೆ. ವಿಶೇಷ ದರ್ಶನ!

ಇದೇನೂ ಇಂದಿನ ಆಟವಲ್ಲ. 1980ರ ದಶಕದಲ್ಲಿ ಭಾರತ ಅಮೆರಿಕದಿಂದ ಕ್ರೇ ಎನ್ನುವ ದೊಡ್ಡ ಗಣಕಯಂತ್ರ ಕೇಳಿತು. ಕೇಳಿದ್ದನ್ನು ಕೊಡಲಿಲ್ಲ. ಅದಕ್ಕಿಂತ ಸಣ್ಣದನ್ನು, ಮಳೆಗಾಳಿಯ ಲೆಕ್ಕಕ್ಕೆ ಮಾತ್ರ ಬಳಸಬೇಕೆಂದು ಷರತ್ತು ಹಾಕಿ ಕೊಟ್ಟರು. ರೋಷಕ್ಕೆ ಇವರು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಕಟ್ಟಿದರು. 1991ರಲ್ಲಿ 'ಪರಮ್ 8000' ತಯಾರಾಯಿತು. ಒಳ್ಳೆಯದೇ ಆಯಿತು. ಆದರೆ ಕೊಡದೆ ಇದ್ದವನ ಮೇಲಿನ ರೋಷ, ತಾನು ಕೊಡಬೇಕಾದವರ ಕಡೆ ತಿರುಗಿ ನೋಡಲಿಲ್ಲ. ಅಂದಿನಿಂದ ದೇಶದಲ್ಲಿ ಎಷ್ಟೋ ದೊಡ್ಡ ಗಣಕಯಂತ್ರ ಬಂದಿವೆ. ಕೇರಿಯಿಂದ ಬಂದ ನಮ್ಮಲ್ಲಿ ಎಷ್ಟು ಜನ ಅದರ ಮೇಲೆ ಒಂದು ಗಂಟೆ ಕೆಲಸ ಮಾಡಿದ್ದೇವೆ? ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಕೈ ಎತ್ತಿ. ಎಣಿಸುವುದು ಕಷ್ಟವಾಗಲಿಕ್ಕಿಲ್ಲ.

*

ಈಗ ಕಾಗದಕ್ಕೆ ಬರೋಣ. 2024ರ ಮಾರ್ಚಿನಲ್ಲಿ ಅಮೆರಿಕ ಮುಂದೆ ನಿಂತು ವಿಶ್ವಸಂಸ್ಥೆಯಲ್ಲಿ ಒಂದು ಗೊತ್ತುವಳಿ. ಜುಲೈಯಲ್ಲಿ ಚೀನಾ ಮುಂದೆ ನಿಂತು ಇನ್ನೊಂದು; ಬಡ ದೇಶಗಳ ಸಾಮರ್ಥ್ಯ ಬೆಳೆಸಬೇಕೆಂದು. ಸೆಪ್ಟೆಂಬರಿನಲ್ಲಿ ಜಾಗತಿಕ ಡಿಜಿಟಲ್ ಒಡಂಬಡಿಕೆ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸಮ್ಮೇಳನ, ಫ್ರಾನ್ಸಿನ ಪಕ್ಕದಲ್ಲಿ ಭಾರತಕ್ಕೂ ಅಧ್ಯಕ್ಷತೆ. ಎಲ್ಲರನ್ನೂ ಒಳಗೊಳ್ಳೋಣ ಎಂಬ ಘೋಷಣೆಗೆ ಅಮೆರಿಕವೂ ಬ್ರಿಟನ್ನೂ ಸಹಿ ಹಾಕಲೇ ಇಲ್ಲ. ಜುಲೈಯಲ್ಲಿ ಶಾಂಘೈಯಿಂದ ಚೀನಾ ಒಂದು ಜಾಗತಿಕ ಸಹಕಾರ ಸಂಸ್ಥೆ ಕಟ್ಟೋಣ ಅಂದಿತು. 2026ರ ಫೆಬ್ರವರಿಯಲ್ಲಿ ದೆಹಲಿಯ ಭಾರತ ಮಂಟಪದಲ್ಲಿ ಮಹಾಮೇಳ. ಅದಕ್ಕೆ ಮೂರು 'ಸೂತ್ರ', ಏಳು 'ಚಕ್ರ'. ಆ ಏಳರಲ್ಲಿ ಒಂದು ಚಕ್ರ ಈ ಸಂಪನ್ಮೂಲವನ್ನು ಪ್ರಜಾಸತ್ತಾತ್ಮಕಗೊಳಿಸುವುದು. ಘೋಷವಾಕ್ಯ 'ಸರ್ವಜನ ಹಿತಾಯ, ಸರ್ವಜನ ಸುಖಾಯ'.

ಇಪ್ಪತ್ತೊಂದನೇ ಶತಮಾನದ ಯಂತ್ರಕ್ಕೂ ಸೂತ್ರ, ಚಕ್ರವೇ ಬೇಕಾಯಿತೆ? ಹೋಗಲಿ. ಆದರೆ ಬುದ್ಧ ತನ್ನ ಭಿಕ್ಷುಗಳಿಗೆ ಹೇಳಿದ್ದು ಬಹುಜನರ ಹಿತ. ಅದು 'ಸರ್ವಜನ' ಆದದ್ದು ಹೇಗೆ? ಬಹುಜನ ಅಂದರೆ ಯಾರ ಪರ ಅಂತ ಗೊತ್ತಾಗುತ್ತದೆ. ಸರ್ವಜನ ಅಂದರೆ ತೋಳವೂ ಬಂತು, ಕುರಿಯೂ ಬಂತು. ಎರಡಕ್ಕೂ ಏಕಕಾಲಕ್ಕೆ ಹಿತ ಮಾಡುವ ಯಂತ್ರ ಇನ್ನೂ ತಯಾರಾಗಿಲ್ಲ.

1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಮೇಲ್ಜಾತಿಯ ಹುಡುಗರು ಬೀದಿಗಿಳಿದರು, ಅವರು ಮಂತ್ರಿಗಿರಿ ಕಳಕೊಂಡರು. ಕಳಕೊಳ್ಳಲು ನಮಗೆ ಮಂತ್ರಿಗಿರಿ ಇಲ್ಲ. ಅದಕ್ಕೇ ಧೈರ್ಯವಾಗಿ ಹೇಳುತ್ತೇವೆ: ಈ ಘೋಷಣಾಪತ್ರಗಳಲ್ಲಿ ಬಹಳಷ್ಟು ಬೂಸಾ. ಎಷ್ಟು ಚಿಪ್ಪು, ಯಾರ ದುಡ್ಡು, ಯಾವ ತಾರೀಕಿನೊಳಗೆ, ಯಾರ ಹಿಡಿತದಲ್ಲಿ? ಈ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದ ಸಹಕಾರ ಬರೀ ಸಹಾನುಭೂತಿ. ನಮಗೆ ಅದು ಸಾಕಾಗಿದೆ.

ಗೊತ್ತುವಳಿಗಳ ಗತಿ ಏನಾಗುತ್ತದೆ ಅನ್ನುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. 1923ರಲ್ಲಿ ಬೊಂಬಾಯಿಯ ವಿಧಾನ ಪರಿಷತ್ತು ಬೋಲೆಯವರ ಗೊತ್ತುವಳಿ ಒಪ್ಪಿತು: ಸರ್ಕಾರದ ದುಡ್ಡಿನ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು. 1924ರಲ್ಲಿ ಮಹಾಡದ ಪುರಸಭೆ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತಾನೂ ಬರೆದುಕೊಂಡಿತು. ಕಾಗದದ ಮೇಲೆ ನೀರು ತುಂಬಿ ತುಳುಕಿತು. ಗಂಟಲಿಗೆ ಒಂದು ಹನಿ ಇಳಿಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ನಡೆದು ಹೋಗಿ, ಬಗ್ಗಿ, ಕೈಯಾರೆ ನೀರು ಎತ್ತಿ ಕುಡಿದರು. ಆಮೇಲೆ ಜನರ ತಲೆ ಒಡೆದರು. ಆಮೇಲೆ ನೂರೆಂಟು ಕೊಡ ಹಸುವಿನ ಸಗಣಿ, ಗಂಜಲ, ಹಾಲು, ಮೊಸರು ಹುಯ್ದು ಕೆರೆಗೆ ಮಡಿ ಮಾಡಿದರು. ಆಮೇಲೆ ಕೋರ್ಟು. ಬೊಂಬಾಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಗೊತ್ತುವಳಿಯಿಂದ ತೀರ್ಪಿಗೆ ಹದಿನಾಲ್ಕು ವರ್ಷ. ನಡುವೆ ಒಂದು ನಡಿಗೆ ಇತ್ತು. ಆ ನಡಿಗೆ ಇಲ್ಲದಿದ್ದರೆ ಗೊತ್ತುವಳಿ ಇಂದಿಗೂ ಗೊತ್ತುವಳಿಯಾಗಿಯೇ ಇರುತ್ತಿತ್ತು.

*

ಕೆಲವರು ಅನ್ನುತ್ತಾರೆ: 'ಯಾಕ್ರೀ ಗಲಾಟೆ? ಫೋನು ತೆಗೆದರೆ ಸಾಕು, ಯಂತ್ರ ಕನ್ನಡದಲ್ಲಿ ಉತ್ತರ ಕೊಡುತ್ತೆ. ಬಿಟ್ಟಿ ಕೊಡ್ತಿದ್ದಾರಲ್ಲ!'

ಹೌದು, ಕೊಡುತ್ತಿದ್ದಾರೆ. ಹಿಂದೆಯೂ ಕೊಡುತ್ತಿದ್ದರು. ಬಾವಿಕಟ್ಟೆಯಿಂದ ದೂರ ಕೂತು ನಮ್ಮವ್ವಂದಿರು ಕಾಯುತ್ತಿದ್ದರು. ಯಾರಾದರೂ ಪುಣ್ಯಾತ್ಗಿತ್ತಿ ಬಂದು ಬಿಂದಿಗೆ ಎತ್ತಿ ಮೇಲಿನಿಂದ ಹುಯ್ಯುತ್ತಿದ್ದಳು. ಅವಳು ಬಂದರೆ ನೀರು, ಬರದಿದ್ದರೆ ಇಲ್ಲ. ಕೋಪ ಬಂದರೆ ಇಲ್ಲ. ಮನೆಯಲ್ಲಿ ಮಡಿ ಇದ್ದರೆ ಇಲ್ಲ. ಬಾಯಾರಿಕೆ ಎಷ್ಟೆಂದು ಹೇಳುವವರು ನಾವು, ನೀರು ಎಷ್ಟೆಂದು ತೀರ್ಮಾನ ಮಾಡುವವರು ಅವರು. ಇವತ್ತಿನ ಫೋನಿನ ಬುದ್ಧಿಯೂ ಹಾಗೇ. ದರ ಏರಿಸುವುದು, ನಿಲ್ಲಿಸುವುದು, ನಮ್ಮ ಮಾತಿನಲ್ಲಿ ಯಾವುದು ಸಭ್ಯ ಯಾವುದು ಅಸಭ್ಯ ಅಂತ ತೀರ್ಮಾನ ಮಾಡುವುದು, ಎಲ್ಲವೂ ಕಡಲಾಚೆಯ ಕಂಪನಿಯ ಕೈಯಲ್ಲಿ. ನೀರು ಸಿಕ್ಕುವುದೂ ಬಾವಿಯ ಮೇಲೆ ಹಕ್ಕು ಇರುವುದೂ ಒಂದೇ ಅಲ್ಲ. ಇಷ್ಟು ತಿಳಿಯಲು ಪದವಿ ಬೇಕಿಲ್ಲ. ನಮ್ಮವ್ವನಿಗೆ ಗೊತ್ತಿತ್ತು.

ಹಾಗಾದರೆ ನಮ್ಮ ಸರ್ಕಾರದ್ದೇ ಬಾವಿ ಇಲ್ಲವೇ? ಇದೆ. 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 10,371.92 ಕೋಟಿ ರೂಪಾಯಿಯ 'ಇಂಡಿಯಾ ಎಐ ಮಿಷನ್' ಒಪ್ಪಿತು. 2025 ಮುಗಿಯುವ ಹೊತ್ತಿಗೆ 38,000 ಚಿಪ್ಪು ಸೇರಿಸಿದ್ದೇವೆ, ಗಂಟೆಗೆ ಸರಾಸರಿ 65 ರೂಪಾಯಿಗೆ ಕೊಡುತ್ತೇವೆ, ಜಗತ್ತಿನಲ್ಲೇ ಅಗ್ಗ ಎಂದರು. ಇರಲಿ, ಒಳ್ಳೆಯದು. ಸರ್ಕಾರ ಬಾವಿ ತೋಡುವುದನ್ನು ನಾವು ಬೇಡ ಅನ್ನುವುದಿಲ್ಲ. ಒಂದು ಲೆಕ್ಕ ಮಾತ್ರ ಮಾಡುತ್ತೇವೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ. ಸಹಾಯಧನ ಕೊಟ್ಟು ಅಗ್ಗ ಮಾಡಿದ ಒಂದು ಚಿಪ್ಪಿನ ಒಂದು ಗಂಟೆ, ಬಿಸಿಲಲ್ಲಿ ಮಣ್ಣು ಹೊತ್ತ ಒಂದು ಮನುಷ್ಯ ಗಂಟೆಗಿಂತ ತುಟ್ಟಿ. ಆ ಮನುಷ್ಯನ ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. ಒಂದು ಸಣ್ಣ ಪ್ರಯೋಗಕ್ಕೆ ಎಂಟು ಚಿಪ್ಪು ಒಂದು ವಾರ ಬೇಕು ಅಂದರೆ ಎಷ್ಟಾಯಿತು? 87,360 ರೂಪಾಯಿ. ಅವಳಪ್ಪನ 236 ದಿನದ ಕೂಲಿ. ಅವಳಿಗೆ ಬಾವಿ ತೆರೆದಿದೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ದೇವರು ಕೊಟ್ಟರೂ ಪೂಜಾರಿ ಬಿಡ ಅಂತ ನಮ್ಮಲ್ಲಿ ಗಾದೆ. ವಾಷಿಂಗ್ಟನ್ ಕೊಡದಿದ್ದರೆ ಬೈಯುವುದಕ್ಕೆ ಎಲ್ಲರೂ ಸಿದ್ಧ. ದೆಹಲಿಯ, ಬೆಂಗಳೂರಿನ ಪೂಜಾರಿಯನ್ನು ಕೇಳುವವರು ಯಾರು? ಅರ್ಜಿ ಇಂಗ್ಲಿಷಿನಲ್ಲಿ. ಪರಿಶೀಲಿಸುವ ಸಮಿತಿಯಲ್ಲಿ ಯಾರು ಯಾರು? ಗಂಟೆಗಳು ಹೋದದ್ದು ಯಾವ ಕಾಲೇಜಿಗೆ, ಯಾವ ಜಿಲ್ಲೆಗೆ, ಯಾವ ಜಾತಿಗೆ? ದೇಶದೇಶಗಳ ನಡುವೆ ಹಂಚಿಕೆ ಆಗಲಿ ಎಂದು ವಾದ ಮಾಡುವವರು ದೇಶದೊಳಗೆ ಹಂಚಿಕೆಯ ಮಾತು ಬಂದ ಕೂಡಲೆ 'ಮೆರಿಟ್' ಅನ್ನುತ್ತಾರೆ. ಜಗತ್ತಿನ ಮುಂದೆ ಶೂದ್ರನ ಹಾಗೆ ಅಳುವುದು, ಮನೆಯೊಳಗೆ ಬ್ರಾಹ್ಮಣನ ಹಾಗೆ ಬೀಗ ಹಾಕುವುದು. ಇದೇ ಇವರ ವಿದೇಶಾಂಗ ನೀತಿ.

*

ಅಂತರರಾಷ್ಟ್ರೀಯ ಸಹಕಾರ ಅಂದರೆ ನಮ್ಮ ಕನ್ನಡ ನೆಲಕ್ಕೆ ಹೊಸದೇ? 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ನೀರು ಮೈಸೂರು ಸಂಸ್ಥಾನದ್ದು. ನೀರಿನ ಚಕ್ರ ಸ್ವಿಟ್ಜರ್‌ಲೆಂಡಿನ ಎಷರ್ ವೀಸ್‌ನದು. ಕರೆಂಟಿನ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನದು. ಕೊಂಡವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳು. ನಾಲ್ಕು ದೇಶ ಸೇರಿದವು, ಇದಕ್ಕಿಂತ ಸಹಕಾರ ಬೇಕೆ? ಮೊದಲ ಕರೆಂಟು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಓಡಿ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ತಂತಿಯ ಕೆಳಗಿದ್ದ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಬುಡ್ಡಿ ದೀಪ ಹಚ್ಚಿಕೊಂಡು ಕೂತವು. ಕೇರಿಗಳ ಮಾತು ಬಿಡಿ.

ಗಣಿಯೊಳಗೆ ಇಳಿದವರು ಯಾರು? ಬಹುಪಾಲು ತಮಿಳು ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಜನ. ಭೂಮಿಯೊಳಗೆ ಮೂರು ಕಿಲೋಮೀಟರು. ಚಿನ್ನ ಹಡಗು ಹತ್ತಿತು. ಕಲ್ಲಿನ ಧೂಳು ನಮ್ಮವರ ಎದೆಗೂಡಿನಲ್ಲಿ ಉಳಿಯಿತು. 1930ರಲ್ಲಿ ಕಂಪನಿ ಕೂಲಿಗಳ ಬೆರಳಚ್ಚು ತೆಗೆದು ದಾಖಲೆ ಮಾಡಲು ಹೊರಟಾಗ ಅವರು ಮುಷ್ಕರ ಹೂಡಿದರು. ಅಕ್ಷರ ಬಾರದ ಆ ಜನಕ್ಕೆ ದತ್ತಾಂಶ ಅಂದರೆ ಏನು, ಅದು ಯಾರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದು ಅಂದೇ ಗೊತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇಂದು ಅಲ್ಲಿ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬ. ಗಾಳಿ ಬೀಸಿದರೆ ಮನೆಯೊಳಗೆ ಬರುತ್ತದೆ.

ಈಗಿನ ಗಣಿಗೂ ಅದೇ ಗುಣ. ಮೇಲೆ ಹೇಳಿದ ಮೆಂಫಿಸ್ಸಿನ ಲಕ್ಷ ಚಿಪ್ಪಿನ ಕೇಂದ್ರ ಎದ್ದದ್ದು ಎಲ್ಲಿ? ಬಾಕ್ಸ್‌ಟೌನ್ ಎಂಬ ಕರಿಯರ ಕೇರಿಯ ಹತ್ತಿರ. ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿಕೊಂಡ ಕೇರಿ ಅದು. ಕರೆಂಟು ಸಾಲದೆ ಕಂಪನಿ ಗ್ಯಾಸಿನ ಟರ್ಬೈನುಗಳನ್ನು ತಂದು ನಿಲ್ಲಿಸಿತು. ಉಸಿರಾಡುವ ಗಾಳಿಗಾಗಿ ಅಲ್ಲಿನ ಜನ ಹೋರಾಡಬೇಕಾಯಿತು. 1972ರಲ್ಲಿ ಬೊಂಬಾಯಿಯ ನಮ್ಮ ಅಣ್ಣಂದಿರು ಆ ಕರಿಯ ಸೋದರರ ಪ್ಯಾಂಥರ್ ಹೆಸರನ್ನು ತಮ್ಮದಾಗಿಸಿಕೊಂಡರು. ಇಂದು ಮತ್ತೆ ಇಬ್ಬರ ಬಾಗಿಲಿಗೂ ಒಂದೇ ಹೊಗೆ. ನಿಜವಾದ ಅಂತರರಾಷ್ಟ್ರೀಯ ಸಹಕಾರ ಬಾಕ್ಸ್‌ಟೌನಿಗೂ ನಮ್ಮ ಕೇರಿಗೂ ಆಗಬೇಕು. ನೈರೋಬಿಗೂ ನಮಗೂ ಆಗಬೇಕು. ಅಲ್ಲಿನ ಹುಡುಗರು ಯಂತ್ರಕ್ಕೆ ಸಭ್ಯತೆ ಕಲಿಸಲು ಹೊಲಸು ಬರಹವನ್ನು ದಿನವಿಡೀ ಓದಿ ವಿಂಗಡಿಸಿ, ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಪಡೆದ ಸಂಗತಿ 2023ರಲ್ಲಿ ಹೊರಬಿತ್ತು. ಮಲ ಬಳಿಯುವ ಕೆಲಸ ಯಂತ್ರದೊಳಗೂ ಹೋಯಿತು. ಬಳಿಯುವವರು ಮಾತ್ರ ಬದಲಾಗಲಿಲ್ಲ.

ಕರೆಂಟಿನ ಲೆಕ್ಕ ಕೇಳಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಎಲ್ಲ ದತ್ತಾಂಶ ಕೇಂದ್ರಗಳು ಸೇರಿ ಉಂಡದ್ದು ಸುಮಾರು 415 ಟೆರಾವಾಟ್-ಗಂಟೆ. 2030ಕ್ಕೆ ಅದು ಸುಮಾರು 945 ಆಗಬಹುದಂತೆ. 2025ರ ಅಕ್ಟೋಬರಿನಲ್ಲಿ ಗೂಗಲ್ ನೆರೆಯ ವಿಶಾಖಪಟ್ಟಣದಲ್ಲಿ ಗಿಗಾವಾಟ್ ಲೆಕ್ಕದ ಕೇಂದ್ರಕ್ಕೆ 1,500 ಕೋಟಿ ಡಾಲರು ಹಾಕುತ್ತೇನೆ ಎಂದಿತು. ನಾಳೆ ನಮ್ಮ ಕಡೆಗೂ ಬರುತ್ತದೆ, ಬಂದಾಗ ಬ್ಯಾಂಡ್ ಬಾರಿಸುತ್ತಾರೆ. ಆವತ್ತು ಪಾವಗಡವನ್ನು ನೆನಪಿಡಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಮಾಡಿದರು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಯಾವ ಗುತ್ತಿಗೆ? ಸೂರ್ಯ ಎಲ್ಲರಿಗೂ ಒಂದೇ ಅಂತಾರೆ. ಪತ್ರ ಮಾತ್ರ ಜಮೀನಿದ್ದವನ ಹೆಸರಿಗೆ.

ಇನ್ನು ನಮ್ಮ ದನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತು ಸಂಗ್ರಹಿಸಿ, ಯಾರು ಬೇಕಾದರೂ ಬಳಸಲಿ ಎಂದು ತೆರೆದಿಟ್ಟಿದೆ. ಮುಕ್ತವಾಗಿಡುವುದು ಒಳ್ಳೆಯ ತತ್ವ, ನಾವು ವಿರೋಧಿಸುವುದಿಲ್ಲ. ಆದರೆ ಯೋಚನೆ ಮಾಡಿ: ರಾಗಿ ಎಲ್ಲರಿಗೂ ಮುಕ್ತ, ಬೀಸುವ ಗಿರಣಿಗೆ ಮಾತ್ರ ಬೀಗ ಅಂದರೆ ಹಿಟ್ಟು ಯಾರ ಮನೆಗೆ ಹೋಗುತ್ತದೆ? ಪುಸ್ತಕದಿಂದ ಹೊರಗಿಟ್ಟ ನಮ್ಮವ್ವನ ಮಾತು, 'ಗ್ರಾಮ್ಯ' ಅಂತ ಪರೀಕ್ಷೆಯಲ್ಲಿ ಅಂಕ ಕಳೆದ ಆ ಮಾತು, ಇವತ್ತು ಯಂತ್ರಕ್ಕೆ ಬೇಕಾಗಿದೆ. ಕೊಡೋಣ. ಆದರೆ ಗಿರಣಿಯಲ್ಲಿ ಪಾಲು ಕೇಳಿ ಕೊಡೋಣ.

*

ಕೊನೆಗೆ ನಮ್ಮ ಸಂಗಾತಿಗಳಿಗೆ ಒಂದು ಮಾತು. 'ಭೂಮಿ ಇಲ್ಲ, ಹಾಸ್ಟೆಲಿನಲ್ಲಿ ಅನ್ನ ಸರಿ ಇಲ್ಲ, ಗುಂಡಿಗಿಳಿದು ಜನ ಸಾಯುತ್ತಿದ್ದಾರೆ, ನೀವು ಚಿಪ್ಪು ಅಂತ ಕೂತಿದ್ದೀರಲ್ಲ' ಎಂದು ನಮ್ಮವರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅನ್ನಕ್ಕೂ ಯಂತ್ರಕ್ಕೂ ಈಗ ನಂಟು ಬಿದ್ದಿದೆ. ತೆಲಂಗಾಣದಲ್ಲಿ ಕಂಪ್ಯೂಟರು ಲೆಕ್ಕ ಹಾಕಿ ಅನರ್ಹರೆಂದು ರದ್ದು ಮಾಡಿದ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಹಿಂದೆ ಶಾನುಭೋಗರ ಕಡತದಲ್ಲಿ ನಮ್ಮ ಹೊಲ ಮಾಯವಾಗುತ್ತಿತ್ತು. ಶಾನುಭೋಗರ ಮನೆ ಎಲ್ಲಿದೆ ಅಂತ ಗೊತ್ತಿತ್ತು, ಹೋಗಿ ಕೂಗಾಡಬಹುದಿತ್ತು. ಈ ಶಾನುಭೋಗರ ಮನೆ ಎಲ್ಲಿದೆ?

ಯಂತ್ರವನ್ನೇ ಸುಟ್ಟುಬಿಡೋಣ, ಚರಕಕ್ಕೆ ಹೋಗೋಣ ಅನ್ನುವುದು ನಮ್ಮ ದಾರಿಯಲ್ಲ. 1945ರಲ್ಲೇ ಬಾಬಾಸಾಹೇಬರು ಗಾಂಧಿವಾದಕ್ಕೆ ಉತ್ತರ ಕೊಡುತ್ತ ಬರೆದರು: ಕೇಡು ಇರುವುದು ಯಂತ್ರದಲ್ಲಲ್ಲ, ಯಂತ್ರದ ಫಲವನ್ನು ಕೆಲವರು ಬಾಚಿಕೊಳ್ಳುವ ಸಮಾಜದ ಕಟ್ಟಿನಲ್ಲಿ. ವೈಸರಾಯ್ ಕೌನ್ಸಿಲಿನಲ್ಲಿ ಸದಸ್ಯರಾಗಿದ್ದಾಗ ಕರೆಂಟು, ನೀರಾವರಿ ಅವರ ಕೈಯಲ್ಲಿತ್ತು. 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಮೂಲ ಕೈಗಾರಿಕೆಗಳು ಸರ್ಕಾರದ ಸ್ವತ್ತಾಗಿರಬೇಕು ಎಂದು ಕೇಳಿದರು. ಇವತ್ತು ಗಣಕಶಕ್ತಿಗಿಂತ ಮೂಲ ಕೈಗಾರಿಕೆ ಯಾವುದು?

ಹಂಚಿಕೊಳ್ಳಲು ಆಗುವುದಿಲ್ಲ ಅನ್ನುವುದು ಸುಳ್ಳು. ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದ ಯುರೋಪಿನ ದೇಶಗಳೂ ಸೇರಿ 12 ದೇಶಗಳು 1954ರಲ್ಲಿ ಜಿನೀವಾದಲ್ಲಿ ಸರ್ನ್ ಕಟ್ಟಿದವು. 2018ರಿಂದ ಯುರೋಪಿನ ದೇಶಗಳು ದುಡ್ಡು ಕೂಡಿಸಿ ಯುರೋಎಚ್‌ಪಿಸಿ ನಡೆಸುತ್ತಿವೆ. ಫಿನ್‌ಲೆಂಡಿನ ಲೂಮಿ, 2025ರಲ್ಲಿ ಉದ್ಘಾಟನೆಯಾದ ಜರ್ಮನಿಯ ಜುಪಿಟರ್ ಅಂಥ ಸಾಮೂಹಿಕ ಯಂತ್ರಗಳು. ಉಳ್ಳವರು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದನ್ನು ಕಲಿತಿದ್ದಾರೆ. ಸಹಪಂಕ್ತಿ ಭೋಜನ ಅವರಿಗೆ ಬರುತ್ತದೆ. ಪಂಕ್ತಿಯನ್ನು ಉದ್ದ ಮಾಡುವುದು ಮಾತ್ರ ಬರುವುದಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು.

ಒಂದು: ದೇಶದೇಶಗಳು ಸೇರಿ ಕಟ್ಟುವ ಗಣಕ ಭಂಡಾರದಲ್ಲಿ ಬಡ ದೇಶಗಳಿಗೆ ಮತ ಇರಬೇಕು. ದುಡ್ಡಿನ ತೂಕಕ್ಕೆ ಮತವಲ್ಲ, ತಲೆಗೊಂದು ಮತ. ಎರಡು: ಸಾರ್ವಜನಿಕ ಹಣದ ಪ್ರತಿ ಚಿಪ್ಪಿನ ಗಂಟೆಯಲ್ಲೂ ಮೀಸಲಾತಿ ಇರಬೇಕು. ಸೀಟಿಗೆ ಮೀಸಲಾತಿ ಕೊಟ್ಟು ಯಂತ್ರಕ್ಕೆ ಬೀಗ ಹಾಕಿದರೆ ಅದು ಮೋಸ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಆ ಗಂಟೆ ಉಚಿತವಾಗಿ ಸಿಗಬೇಕು, ಅರ್ಜಿ ಕನ್ನಡದಲ್ಲಿ ಇರಬೇಕು. ಮೂರು: ಯಾವ ಸಂಸ್ಥೆಗೆ ಎಷ್ಟು ಗಂಟೆ ಹೋಯಿತು ಎಂಬ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಕೂಲಿ ಲೆಕ್ಕ ಬರೆದ ಹಾಗೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ನಾಲ್ಕು: ದತ್ತಾಂಶ ಕೇಂದ್ರಕ್ಕೆ ನೆಲ, ನೀರು, ಕರೆಂಟು ಕೊಡುವ ಮುಂಚೆ ಗ್ರಾಮಸಭೆ ಕರೆಯಬೇಕು, ಭೂಹೀನರಿಗೂ ಅದರಲ್ಲಿ ಪಾಲು ಬರೆಯಬೇಕು. ಐದು: ನಮ್ಮ ದನಿಯಿಂದ ಕಲಿತ ಯಂತ್ರ ನಮ್ಮ ಶಾಲೆಗೆ ಬಾಡಿಗೆ ಕೇಳಕೂಡದು.

ಇದೆಲ್ಲ ಬೇಡಿದರೆ ಬರುವುದಿಲ್ಲ ಅಂತ ನಮಗೆ ಗೊತ್ತು. ಮಹಾಡದಲ್ಲೂ ಬೇಡಿ ಬರಲಿಲ್ಲ. ಮೇಷ್ಟ್ರುಗಳೇ, ನಿಮ್ಮ ಶಾಲೆಯ ಆ ರೂಮು ಇನ್ನೂ ಇದೆಯಲ್ಲ, ನಾಳೆಯಿಂದಲೇ ಶುರು ಮಾಡಿ. ಬೀಗದ ಕೈ ಇಸ್ಕೊಳ್ಳಿ. ಬೋರ್ಡು ಕಿತ್ತುಹಾಕಿ. ಮೆಟ್ಟು ಹಾಕಿಕೊಂಡೇ ಬರಲಿ ಮಕ್ಕಳು. ಒಂದಿಷ್ಟು ಧೂಳು ಬಿದ್ದರೆ ಬೀಳಲಿ. ಈ ಧೂಳು ಮುಟ್ಟದ ಯಂತ್ರಕ್ಕೆ ಈ ನೆಲ ಅರ್ಥವಾಗುವುದಿಲ್ಲ.

ಹುಯ್ಯುವ ಕೈಗಳೇ, ಬೊಗಸೆ ಒಡ್ಡಿ ಒಡ್ಡಿ ನಮ್ಮ ಬೆನ್ನು ಬಗ್ಗಿದೆ. ಇನ್ನು ಬಗ್ಗಿದರೆ ಅದು ಬಾವಿಗೆ ಕೊಡ ಬಿಡುವುದಕ್ಕೆ ಮಾತ್ರ. ಹಗ್ಗ ಇತ್ತ ಕೊಡಿ.